ಒಂದೇ ಕಟ್ಟಿನೊಳಗೆ ಮೂವರು ಮುಖ್ಯಮಂತ್ರಿಗಳು

ಬೆಂಗಳೂರಿನಲ್ಲಿ ಯಾರ ಕುರ್ಚಿ ಅಲುಗಾಡಿದರೂ ಮುಂಡಗೋಡದಲ್ಲಿ ನನಗೆ ಕೆಲಸ ಬರುತ್ತಿತ್ತು. ಪೇಟೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ದೇವರ ಪಟ ಒಮ್ಮೆ ಗೋಡೆ ಏರಿದರೆ ಇಳಿಯುವುದಿಲ್ಲ, ಮುಖ್ಯಮಂತ್ರಿಗಳದು ಹಾಗಲ್ಲ. ಆ ಕಾಲದಲ್ಲಿ ನನ್ನ ಮನೆಯ ಒಲೆ ಉರಿಯುತ್ತಿದ್ದುದೇ ಅವರ ಜಗಳದಿಂದ ಅಂದರೂ ತಪ್ಪಿಲ್ಲ.

ಗೌಡರ ಮುಂಜಾಗ್ರತೆ

ನಮ್ಮ ಕಡೆಯ ಊರುಗಳು ಮುಂಬಯಿ ಬಿಟ್ಟು ಮೈಸೂರು ರಾಜ್ಯ ಸೇರಿದ ಮೇಲೆ ಮೊದಲ ಮುಖ್ಯಮಂತ್ರಿ ಇಳಿದು ಎರಡನೆಯವರು ಬಂದಿದ್ದರು. ನಮ್ಮ ತಾಲೂಕಿನ ಇಂದೂರ ಹತ್ತಿರದ ಒಂದು ಹಳ್ಳಿಯ ಗೌಡರು ಸಾಲೆಯ ಗೋಡೆಯ ಫೋಟೋ ಬಗಲಲ್ಲಿಟ್ಟುಕೊಂಡು ಬಂದರು. ನಾನು ಹಳಬರನ್ನು ಕಟ್ಟಿನಿಂದ ತೆಗೆಯಲು ಹೋದರೆ ಕೈ ಹಿಡಿದರು.

“ತಗೀಬ್ಯಾಡೋ ತಮ್ಮಾ. ಹೊಸಬರನ್ನ ಅವರ ಮ್ಯಾಲೇ ಕೂಡಸು.”

“ಯಾಕ್ರಿ ಗೌಡ್ರ?”

“ನಾಳೆ ಹಳಬರೇ ತಿರುಗಿ ಬಂದ್ರ? ನಾವು ಸಾಲಿ ಮಾಡಿಗೆ ಹಂಚು ಬೇಡಾಕ ಹತ್ತೀವಿ. ಯಾರನ್ನೂ ಹೊರಗ ಹಾಕಿದಂಗ ಆಗಬಾರದು.”

ಚುನಾವಣೆ ಮುಗಿದು ಮೂರನೆಯವರು ಬಂದರು. ಗೌಡರೂ ಬಂದರು. ಮೂವರೂ ಒಬ್ಬರ ಮೇಲೊಬ್ಬರು ಕೂತ ಮೇಲೆ ಹಿಂದಿನ ರಟ್ಟು ಉಂಡ ಹೊಟ್ಟೆಯಂತೆ ಉಬ್ಬಿತು. ಸಾಲೆಯ ಮಾಡು ಮಾತ್ರ ಸೋರುತ್ತಲೇ ಇತ್ತು.

ಓರೆ ಹೊಂದಾಣಿಕೆ

ಒಮ್ಮೆ ಶಾಸಕರೊಬ್ಬರು ಬಂದರು. ತಂದಿದ್ದ ಫೋಟೋದಲ್ಲಿ ಅವರ ಪಕ್ಷದವರೆಲ್ಲ ವಿಧಾನಸೌಧದ ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದರು. ತುದಿಗಿದ್ದವರನ್ನು ತೋರಿಸಿ, “ಇವರನ್ನ ಕತ್ತರಿಸಿ ಕಟ್ಟು ಹಾಕು” ಅಂದರು.

“ಎಲ್ಲಾರದೂ ಪಕ್ಷ ಒಂದೇ ಅಲ್ರಿ ಸಾಹೇಬ್ರ?”

“ಪಕ್ಷ ಒಂದೇ ಪಾ, ಗುಂಪು ಬ್ಯಾರೆ.”

ಕತ್ತರಿಸಿದೆ. ಸ್ವಲ್ಪ ದಿನಕ್ಕೆ ಕಟ್ಟು ಸಮೇತ ಮತ್ತೆ ಹಾಜರು. ಗುಂಪುಗಳು ಒಂದಾಗಿದ್ದವಂತೆ. “ಆ ತುಂಡು ಐತೇನು?” ಅಂದರು. ಏನನ್ನೂ ಎಸೆಯಬಾರದೆಂದು ಗೌಡರಿಂದ ಕಲಿತಿದ್ದೆನಲ್ಲ, ಹುಡುಕಿ ಅಂಟಿಸಿದೆ. ತುಸು ಓರೆಯಾಯಿತು. ಶಾಸಕರು ದಿಟ್ಟಿಸಿ ನೋಡಿದರು.

“ಇರಲಿ ಬಿಡು. ಬೆಂಗಳೂರಾಗೂ ಹಿಂಗೇ ನಿಂತಾರ.”

ಜೀಪು ಬೇಗ ಬಂತು

ಮೂರನೆಯ ಮುಖ್ಯಮಂತ್ರಿ ಕುರ್ಚಿ ಬಿಸಿಯಾಗುವ ಮೊದಲೇ ಇಳಿದರು. ಮೊದಲನೆಯವರೇ ತಿರುಗಿ ಬಂದರು! ಗೌಡರು ಮೀಸೆ ತಿರುವಿದರು. ಅಷ್ಟರಲ್ಲಿ ಮಂತ್ರಿಯೊಬ್ಬರು ಸಾಲೆ ನೋಡಲು ಬರುತ್ತಾರೆಂದು ಸುದ್ದಿ. ಈ ಸಲವೂ ಹಂಚು ಸಿಗದಿದ್ದರೆ ಮಳೆಗಾಲಕ್ಕೆ ಸಾಲೆಗೆ ಬೀಗವೇ ಗತಿ ಎಂದು ಮಾಸ್ತರರು ಹೇಳಿಬಿಟ್ಟಿದ್ದರು.

ಮೊದಲನೆಯವರನ್ನು ಮೇಲೆ ತರಲು ಗೌಡರು ನನ್ನನ್ನು ಸಾಲೆಗೇ ಕರೆಸಿದರು. ರಟ್ಟು ಬಿಚ್ಚಿ ಮೂವರನ್ನೂ ಮೇಜಿನ ಮೇಲೆ ಹರಡಿದ್ದೆ. ಮೇಲಿದ್ದ ಮೂರನೆಯವರ ಮುಖದ ತುಂಬ ಸೋರಿದ ನೀರಿನ ಕಲೆ. ಹೇಳಿದ ಹೊತ್ತಿಗಿಂತ ಮೊದಲೇ ಜೀಪು ಬಂದು ನಿಂತಿತು. ಒಳಗೆ ಬಂದ ಮಂತ್ರಿಗಳ ಕಣ್ಣು ನೆಟ್ಟಗೆ ಮೇಜಿನ ಮೇಲೆ ಬಿತ್ತು. ಹಂಚು ಹೋಯಿತು ಅಂದುಕೊಂಡೆ.

“ಈ ಮೂವರನ್ನ ಒಂದು ಕಡೆ ಕೂಡಿಸೂದು ನಮ್ಮ ಪಕ್ಷದಿಂದನೂ ಆಗಲಿಲ್ಲ. ನೀವು ಹೆಂಗ ಕೂಡಿಸಿದ್ರಿ?” ಅಂದರು ಮಂತ್ರಿ.

ಗೌಡರು ಮಾಡಿನ ಕಡೆ ಬೆರಳು ತೋರಿಸಿದರು. “ಮ್ಯಾಲಿಂದ ನೀರು ಸುರೀತೈತ್ರಿ. ಒಬ್ಬರ ಮ್ಯಾಲೊಬ್ಬರು ಕುಂತಿದ್ದಕ್ಕ ಕೆಳಗಿನವರಾದ್ರೂ ಒಣಗಿ ಉಳದಾರ. ಹುಡುಗರನ್ನ ಹಂಗ ಕೂಡಸಾಕ ಬರೂದಿಲ್ಲಲ್ರಿ.”

ಮಂತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಂಚು ಕೊಡಿಸುವ ಮಾತು ಅಲ್ಲೇ ಕೊಟ್ಟರು. ಜೀಪು ಹತ್ತುವ ಮುಂಚೆ ಗೌಡರನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು:

“ಆ ಕಟ್ಟಿನಾಗ ಇನ್ನೊಬ್ಬರಿಗೆ ಜಾಗಾ ಐತೇನ್ರಿ?”

“ಐತ್ರಿ ಸಾಹೇಬ್ರ,” ಅಂದರು ಗೌಡರು. “ಮೊದಲು ಹಂಚು ಬರಲಿ.”