ಅತ್ತೆ, ನಾನು ಮತ್ತು ಐವತ್ತು ಮೊಬೈಲು

ನಲವತ್ತು ದಾಟಿದ ಮೇಲೆ ಪಿಎಚ್.ಡಿ.ಗೆ ಕೂತವರ ಮನೆಯಲ್ಲಿ ನಗುವಿಗೆ ಬರ ಇರುವುದಿಲ್ಲ. ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು. ಡಿಗ್ರಿ ಬಂದರೆ ಕೆಲಸ ಗಟ್ಟಿ, ಬರದಿದ್ದರೆ ಅನುಮಾನ. ಹಾಗಾಗಿ ಎನ್.ಆರ್. ಕಾಲೋನಿಯ ನಮ್ಮ ಮನೆಮಂದಿಯೆಲ್ಲ ನನ್ನ ಜೊತೆ ಒದ್ದಾಡಿದರು.

೧. ಇಷ್ಟಕ್ಕೆ ನಾಲ್ಕು ವರ್ಷ

ಅತ್ತೆ ಒಂದು ದಿನ ಅವರೆಕಾಯಿ ಸುಲಿಯುತ್ತಾ, "ಅದೇನಮ್ಮ ನೀನು ಓದ್ತಿರೋದು?" ಅಂದರು.

ನಾನೂ ಒಂದು ಹಿಡಿ ಕಾಯಿ ಎತ್ತಿಕೊಂಡು ವಿವರಿಸಿದೆ. ಟವರ್ ಇಲ್ಲದ ಕಡೆ ಓಡಾಡುವ ಮೊಬೈಲುಗಳು ಒಂದರಿಂದ ಒಂದಕ್ಕೆ ಸಂದೇಶ ದಾಟಿಸಬೇಕು. ಅದಕ್ಕೆ ದಾರಿ ಹುಡುಕುವ ಕ್ರಮವೇ ರೂಟಿಂಗ್ ಪ್ರೋಟೊಕಾಲ್. ಒಂದು ಬಗೆಯದು ಯಾರು ಎಲ್ಲಿದ್ದಾರೆ ಅಂತ ಸದಾ ಪಟ್ಟಿ ಇಟ್ಟುಕೊಂಡಿರುತ್ತದೆ. ಇನ್ನೊಂದು ಬೇಕಾದಾಗ ಮಾತ್ರ ಕೇಳುತ್ತದೆ. ಯಾವುದು ವಾಸಿ ಅನ್ನುವುದೇ ನನ್ನ ಸಂಶೋಧನೆ.

"ಓ, ಮೊದಲನೇದು ನಿಮ್ಮ ಮಾವ. ಬೀದೀಲಿ ಯಾರು ಊರಲ್ಲಿದ್ದಾರೆ, ಯಾರಿಲ್ಲ ಅಂತ ಬೆಳಗ್ಗೇನೇ ವರದಿ ತರ್ತಾರೆ. ಎರಡನೇದು ನಾನು. ಕರಿಬೇವು ಬೇಕಾದಾಗ ಪಕ್ಕದ್ಮನೆ ಬಾಗಿಲು ತಟ್ತೀನಿ. ಇಷ್ಟಕ್ಕೆ ನಾಲ್ಕು ವರ್ಷ ಯಾಕಮ್ಮ?"

ನನ್ನ ಗೈಡ್ ಕೂಡ ಅದನ್ನೇ ಕೇಳುತ್ತಿದ್ದರು.

೨. ಗಾಂಧಿಬಜಾರ್ ಪ್ರಯೋಗ

ಒಂದು ಭಾನುವಾರ ಅತ್ತೆ, ಮಾವ, ಗಂಡ, ಮಗಳು ನಾಲ್ವರ ಮೊಬೈಲಿಗೂ ನನ್ನ ಆ್ಯಪ್ ಹಾಕಿ, ಗಾಂಧಿಬಜಾರಿನಲ್ಲಿ ಬೇರೆ ಬೇರೆ ದಿಕ್ಕಿಗೆ ಒಂದು ಗಂಟೆ ಓಡಾಡಿ ಬನ್ನಿ ಅಂತ ಕಳಿಸಿದೆ. ಫಲಿತಾಂಶ ಅದ್ಭುತ, ಒಂದೇ ಒಂದು ಸಂದೇಶವೂ ಕಳೆದುಹೋಗಿರಲಿಲ್ಲ! ಗೈಡ್‌ಗೆ ಫೋನ್ ಮಾಡುವಷ್ಟರಲ್ಲಿ ಮಾವ ಬಾಯಿಬಿಟ್ಟರು.

"ಹೋಟ್ಲಲ್ಲಿ ಒಂದೇ ಟೇಬಲ್ ಖಾಲಿ ಇತ್ತು ಕಣಮ್ಮ. ನಾಲ್ಕೂ ಜನ ಅಲ್ಲೇ ಕೂತು ಮಸಾಲೆದೋಸೆ ತಿಂದ್ವಿ."

೩. ಕರೆಂಟಿಗೆ ನಮಸ್ಕಾರ

ಆಮೇಲೆ ಮನೆಯವರನ್ನು ಬಿಟ್ಟು, ಕಂಪ್ಯೂಟರಿನೊಳಗೇ ಐವತ್ತು ಕಾಲ್ಪನಿಕ ಮೊಬೈಲುಗಳನ್ನು ಓಡಾಡಿಸಿದೆ. ಒಮ್ಮೆ ಶುರುಮಾಡಿದರೆ ಮೂರು ದಿನ ನಿಲ್ಲಿಸುವ ಹಾಗಿಲ್ಲ. ಮೂರನೇ ದಿನ ಕಾಲೇಜಿನಿಂದ ಬಂದು ನೋಡಿದರೆ ಎಲ್ಲ ಮಾಯ.

"ಕರೆಂಟ್ ಹೋಗಿತ್ತೇನೋಮ್ಮ," ಅಂದರು ಅತ್ತೆ, ತಲೆ ಎತ್ತದೆ.

ಅತ್ತುಬಿಟ್ಟೆ. ಪ್ರಬಂಧ ಒಪ್ಪಿಸಲು ಎರಡೇ ವಾರ ಉಳಿದಿತ್ತು. ಕಣ್ಣೊರೆಸಿಕೊಂಡು ಮೊದಲಿಂದ ಎಲ್ಲ ಅಂಕಿ ತುಂಬಲು ಕೂತಾಗ ನನ್ನದೇ ಒಂದು ತಪ್ಪು ಕಣ್ಣಿಗೆ ಬಿತ್ತು. ಒಂದು ಬಗೆಯ ಮೊಬೈಲುಗಳನ್ನು ನಡಿಗೆಯ ವೇಗದಲ್ಲಿ, ಇನ್ನೊಂದು ಬಗೆಯವನ್ನು ಬಸ್ಸಿನ ವೇಗದಲ್ಲಿ ಓಡಿಸಿ ಹೋಲಿಸಿದ್ದೆ! ಹಾಗೇ ಒಪ್ಪಿಸಿದ್ದರೆ ನಾಲ್ಕು ವರ್ಷದ ಕೆಲಸ ನೀರುಪಾಲು. ಎರಡಕ್ಕೂ ಒಂದೇ ವೇಗ ಕೊಟ್ಟು ಮತ್ತೆ ಮಾಡಿದೆ. ಕರೆಂಟ್ ಹೋಗಿದ್ದಕ್ಕೆ ಕೈಮುಗಿದವಳು ಇಡೀ ಬೆಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು.

೪. ಒಂದೇ ಒಂದು ತಪ್ಪು

ಕೊನೆಯ ಮೌಖಿಕ ಪರೀಕ್ಷೆ ಎಲ್ಲರೆದುರು ನಡೆಯುತ್ತದೆ, ಮನೆಯವರೂ ಬಂದು ಕೂರಬಹುದು. ಅತ್ತೆ ಬಿಸಿಬೇಳೆಬಾತಿನ ಡಬ್ಬಿಯೊಂದಿಗೆ ಬಂದು ಹಿಂದಿನ ಸಾಲಿನಲ್ಲಿ ಕೂತರು. ಮೊಬೈಲುಗಳು ಜೋರಾಗಿ ಓಡಾಡುವಾಗ ಬೇಕಾದಾಗ ಕೇಳುವ ಬಗೆಯೇ ವಾಸಿ ಎಂದು ನಾನು ಹೇಳಿದಾಗ ಅತ್ತೆ ಪಕ್ಕದಲ್ಲಿದ್ದ ಮಾವನ ಕಡೆ ಗೆದ್ದವರ ಹಾಗೆ ನೋಡಿದರು.

ಹೊರಗಿನಿಂದ ಬಂದ ಪರೀಕ್ಷಕರ ಮೊದಲ ಪ್ರಶ್ನೆಯೇ, "ಎರಡಕ್ಕೂ ಒಂದೇ ವೇಗ ಕೊಟ್ಟಿದೀರಾ?"

"ಮೊದಲು ಕೊಟ್ಟಿರ್ಲಿಲ್ಲ ಸರ್. ಕರೆಂಟ್ ಹೋಗಿ ಮತ್ತೆ ಮಾಡುವಾಗ ತಪ್ಪು ಸಿಕ್ತು, ಸರಿಮಾಡಿದೆ."

ಅವರು ತಲೆದೂಗಿ, "ಸಭೆಯಲ್ಲಿ ಯಾರಾದ್ರೂ ಏನಾದ್ರೂ ಕೇಳೋದಿದ್ರೆ ಕೇಳಬಹುದು," ಅಂದರು. ಅತ್ತೆ ಎದ್ದು ನಿಂತರು.

"ಸರ್, ಪರೀಕ್ಷೇಲಿ ಸುಳ್ಳು ಬರಬಾರ್ದು. ಆವತ್ತು ಕರೆಂಟ್ ಹೋಗಿರ್ಲಿಲ್ಲ. ದೋಸೆಹಿಟ್ಟು ರುಬ್ಬೋಕೆ ಕಂಪ್ಯೂಟರ್ ಪ್ಲಗ್ ನಾನೇ ಕಿತ್ತೆ. ಅದಕ್ಕೆ ಇವಳ ಮಾರ್ಕ್ಸ್ ಕಮ್ಮಿ ಮಾಡ್ಬೇಡಿ."

ಸಭೆ ಗೊಳ್ಳೆಂದಿತು. ನನಗೆ ನಗುವಿನ ಜೊತೆ ಕಣ್ಣೂ ತುಂಬಿತು. ಪರೀಕ್ಷಕರು ಮಾತ್ರ ಗಂಭೀರವಾಗಿ ನನ್ನ ಪ್ರಬಂಧದ ಮೊದಲ ಪುಟಗಳನ್ನು ತಿರುವಿದರು.

"ಕೃತಜ್ಞತೆಯಲ್ಲಿ 'ಯಾವ ಅಡಚಣೆಯೂ ಇಲ್ಲದೆ ಕೆಲಸ ಮಾಡಲು ಬಿಟ್ಟ ಅತ್ತೆಯವರಿಗೆ' ಅಂತ ಬರೆದಿದೀರಿ. ಇಡೀ ಪ್ರಬಂಧದಲ್ಲಿ ನನಗೆ ಕಂಡ ತಪ್ಪು ಇದೊಂದೇ. ತಿದ್ದಿಬಿಡಿ, ಡಿಗ್ರಿ ನಿಮ್ಮದು."

ಅಂದೇ ತಿದ್ದಿದೆ. ಈಗ ಅಲ್ಲಿ, "ಸರಿಯಾದ ಹೊತ್ತಿಗೆ ಪ್ಲಗ್ ಕಿತ್ತ ಅತ್ತೆಯವರಿಗೆ" ಅಂತಿದೆ.