ದೋಣಿ ಗಾಡಿಯ ಅಡಿಯಲ್ಲಿ

ಬಗ್ಗಿ ನೋಡುವ ಅಭ್ಯಾಸ ನನಗೆ ಚಿಕ್ಕಂದಿನಿಂದಲೂ ಇಲ್ಲ. ಮಂಚದ ಕೆಳಗೆ ಚಪ್ಪಲಿ ಸರಿದು ಹೋದರೆ ಬೇರೆ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತೇನೆ. ಗ್ಯಾಸ್ ಸಿಲಿಂಡರಿನ ಹಿಂದೆ ಏನೋ ಸತ್ತಿದೆ ಎಂದು ಹೆಂಡತಿ ಹೇಳಿದರೆ, ಕುಳಿತಲ್ಲಿಂದಲೇ ವಾಸನೆ ನೋಡಿ ಇಲಿ ಎಂದು ತೀರ್ಮಾನ ಕೊಡುತ್ತೇನೆ. ಅವಳು ಇದನ್ನು ಸೋಮಾರಿತನ ಎನ್ನುತ್ತಾಳೆ, ನಾನು ನಂಬಿಕೆ ಎನ್ನುತ್ತೇನೆ. ಕಣ್ಣಿಗೆ ಕಾಣದ್ದೆಲ್ಲ ಸರಿಯಾಗಿಯೇ ಇರುತ್ತದೆ ಎಂಬ ನಂಬಿಕೆ ಇಲ್ಲದವನು ಇಪ್ಪತ್ತಾರು ವರ್ಷ ಗುಮಾಸ್ತನಾಗಿ ಬಾಳುವುದು ಕಷ್ಟ.

ಇಂಥ ನನಗೆ ಸಿರುಗುಪ್ಪದ ನಮ್ಮ ತಾಲ್ಲೂಕು ಕಚೇರಿಯಲ್ಲಿ ದೋಣಿಯ ಉಸ್ತುವಾರಿ ಬಂತು. ತುಂಗಭದ್ರೆ ತುಂಬಿ ಬಂದಾಗ ದಂಡೆಯ ಊರುಗಳ ಜನರನ್ನು ಕರೆತರಲು ಇಟ್ಟ ಫೈಬರ್ ದೋಣಿ ಅದು. ಅದನ್ನು ಜೀಪಿನ ಹಿಂದೆ ಕಟ್ಟಿ ಎಳೆಯಲು ಎರಡು ಗಾಲಿಯ ಟ್ರೇಲರ್ ಇದೆ. ಪ್ರತಿ ಮಳೆಗಾಲಕ್ಕೆ ಮೊದಲು ದೋಣಿ, ಹುಟ್ಟು, ಹಗ್ಗ, ಟ್ರೇಲರಿನ ಗಾಲಿ, ಕಮಾನು, ಬೋಲ್ಟು ಎಲ್ಲವನ್ನೂ ಪರೀಕ್ಷಿಸಿ ಒಂದು ನಮೂನೆ ತುಂಬಬೇಕು. ಕಮಾನು ಅಂದರೆ ಗಾಲಿಯ ಅಚ್ಚಿಗೂ ಮೇಲಿನ ಚೌಕಟ್ಟಿಗೂ ನಡುವೆ, ಒಂದರ ಮೇಲೊಂದು ಜೋಡಿಸಿ ಬಿಗಿದ ಬಾಗಿದ ಉಕ್ಕಿನ ಪಟ್ಟಿಗಳು. ರಸ್ತೆಯ ಗುಂಡಿಗಳ ಏಟನ್ನೆಲ್ಲ ಅವು ತಿನ್ನುತ್ತವೆ. ಇದು ನನಗೆ ಈಗ ಗೊತ್ತು. ಗೊತ್ತಿಲ್ಲದ ಕಾಲದಲ್ಲಿ ಅದರ ಮುಂದೆ ಮೂರು ವರ್ಷ "ಸುಸ್ಥಿತಿಯಲ್ಲಿದೆ" ಎಂದು ಬರೆದಿದ್ದೆ. ಅಕ್ಷರ ದುಂಡಾಗಿದ್ದುದರಿಂದ ಯಾರೂ ಪ್ರಶ್ನಿಸಲಿಲ್ಲ.

ಈ ಸಲ ಬಳ್ಳಾರಿಯ ಹೊರಗಿನ ಕೆರೆಯಲ್ಲಿ ಪ್ರವಾಹದ ಅಣಕು ಕಾರ್ಯಾಚರಣೆ, ದೋಣಿ ತನ್ನಿ ಎಂದು ಆದೇಶ ಬಂತು. ನನ್ನ ಮಗಳು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿದ್ದಾಳೆ. ಅವಳ ಅತ್ತೆಗೆ ಸಿರುಗುಪ್ಪದ ಅಕ್ಕಿಯೇ ಆಗಬೇಕು. ದೋಣಿ ಹೇಗೂ ಖಾಲಿ ಹೋಗುತ್ತದಲ್ಲ ಎಂದು ಆರು ಚೀಲ ಅಕ್ಕಿಯನ್ನು ಅದರಲ್ಲಿ ಹಾಕಿಸಿ, ಮೇಲೆ ಜೀವರಕ್ಷಕ ಜಾಕೆಟ್ಟುಗಳನ್ನು ಹೊದಿಸಿದೆ.

ಜೀಪಿನ ಡ್ರೈವರ್ ಹೊನ್ನೂರಪ್ಪ ಸುತ್ತು ಹಾಕಿ ಬಂದು, "ಸರ, ಟ್ರೇಲರ್ ಎಡಕ್ಕ ವಾಲೈತಿ ನೋಡ್ರಿ" ಎಂದ.

"ಇಲ್ಲಿ ನೆಲಾನ ಹಂಗೈತಪ್ಪ" ಎಂದೆ.

ಅವನು ಜೀಪನ್ನು ಇಪ್ಪತ್ತು ಮಾರು ಮುಂದಕ್ಕೆ, ಸಿಮೆಂಟಿನ ಅಂಗಳಕ್ಕೆ ತಂದು ನಿಲ್ಲಿಸಿದ. "ಇಲ್ಲೂ ನೆಲ ಹಂಗೇ ಐತೇನ್ರಿ?"

"ಹೂಂ" ಎಂದು ಜೀಪು ಹತ್ತಿದೆ.

ದೊಡ್ಡ ರಸ್ತೆಯಲ್ಲಿ ಭತ್ತದ ಲಾರಿಗಳ ಕಾಟವೆಂದು ಕುರುಗೋಡಿನ ಮೇಲೆ ಹೊರಟೆವು. ಕುರುಗೋಡು ಇನ್ನೇನು ಬಂತು ಅನ್ನುವಾಗ ಜೀಪು ಒಂದು ರಸ್ತೆ ಉಬ್ಬಿನ ಮೇಲೆ ಹಾರಿತು. ಹಿಂದೆ ಒಣಕಟ್ಟಿಗೆ ಮುರಿದಂಥ ಸದ್ದಾಯಿತು. ಕನ್ನಡಿಯಲ್ಲಿ ನೋಡಿದರೆ ದೋಣಿ ನಮ್ಮ ಹಿಂದೆ ಬರುತ್ತಿರಲಿಲ್ಲ, ಪಕ್ಕಕ್ಕೆ ಬರುತ್ತಿತ್ತು. ಎದುರಿನಿಂದ ಕೂಲಿಗೆ ಹೊರಟ ಹೆಂಗಸರನ್ನು ತುಂಬಿಕೊಂಡ ಆಟೋ ಬಂತು. ಹಿಂದೆ ಕಾಲು ಇಳಿಬಿಟ್ಟು ಕುಳಿತ ನಾಲ್ಕು ಜನ ಒಮ್ಮೆಲೇ ಕಾಲು ಎಳೆದುಕೊಂಡರು. ದೋಣಿಯ ಮೂತಿ ಅವರಿಂದ ಒಂದು ಮೊಳ ದೂರದಲ್ಲಿ ಹಾದುಹೋಯಿತು. ಹೊನ್ನೂರಪ್ಪ ಬ್ರೇಕು ತುಳಿಯದೆ ಬರೀ ಕಾಲು ಸಡಿಲಿಸಿ, ಜೀಪನ್ನು ನಿಧಾನಕ್ಕೆ ಬದಿಗೆ ತಂದ. ರಬ್ಬರು ಸುಟ್ಟ ವಾಸನೆ ಬರುತ್ತಿತ್ತು. ಆಟೋ ನಿಂತು ಅದರಿಂದ ಒಬ್ಬ ಮುದುಕಿ ಇಳಿದು ಬಂದಳು. ದೋಣಿಯನ್ನೂ ನನ್ನನ್ನೂ ನೋಡಿ, "ಹೊಳಿ ಆ ಕಡಿ ಐತಪ್ಪ" ಎಂದು ನಾವು ಬಂದ ದಿಕ್ಕಿಗೆ ಕೈ ತೋರಿಸಿ ಹೋದಳು.

ಊರ ಬಾಯಿಗೇ ಕಮಾನು ಕಟ್ಟುವ ಅಂಗಡಿಯೊಂದಿತ್ತು. ಆಮೆಯ ಹಾಗೆ ತೆವಳಿಸಿಕೊಂಡು ಅಲ್ಲಿಗೆ ತಂದೆವು. ಅಂಗಡಿಯವರು ಮಾಬುಬ್ಬಿ ಎಂಬ ಐವತ್ತರ ಹೆಂಗಸು. ಅಪ್ಪ ಕಲಿಸಿದ ಕಸುಬು, ಮೂವತ್ತು ವರ್ಷದಿಂದ ಸುತ್ತಿನ ಟ್ರ್ಯಾಕ್ಟರ್ ಟ್ರೇಲರುಗಳೆಲ್ಲ ಅವರ ಕೈಯಲ್ಲೇ ಎಂದು ಹೊನ್ನೂರಪ್ಪ ಹೇಳಿದ. ಅವರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಟ್ರೇಲರಿನ ಅಡಿಗೆ ಸರಿದು, ಹೊರಗೆ ಬಂದು ಕೇಳಿದರು: "ಇದನ್ನ ನೋಡಿಕೊಳ್ಳೋರು ಯಾರ್ರಿ?"

"ನಾನೇ."

"ಯಾವಾಗ ನೋಡಿದ್ರಿ?"

ನಾನು ನಮೂನೆಯ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಒಂದು ಗೋಣಿಚೀಲ ಹಾಸಿ, "ಒಳಗ ಹೋಗ್ರಿ. ನೀವು ನೋಡೋತನಕ ನಾ ಕೈ ಹಚ್ಚಂಗಿಲ್ಲ" ಎಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಎಂದೆ. ತೊಳೆದರೆ ಹೋಗುತ್ತದೆ ಎಂದರು. ಹೋಗಲಿಲ್ಲ, ಅದು ಬೇರೆ ಮಾತು.

ಅಡಿಯಿಂದ ಕಂಡ ಲೋಕ ಬೇರೆಯೇ ಇತ್ತು. ಎಡಗಡೆಯ ಕಮಾನಿನ ಎಲ್ಲಕ್ಕಿಂತ ಮೇಲಿನ ಉದ್ದ ಪಟ್ಟಿ ಮುರಿದು ಎರಡಾಗಿತ್ತು. ಮುರಿದ ಬಾಯಿಯಲ್ಲಿ ಅರ್ಧ ಭಾಗ ಹೊಳೆಯುತ್ತಿತ್ತು, ಇನ್ನರ್ಧ ಕಪ್ಪಾಗಿ ತುಕ್ಕು ಹಿಡಿದಿತ್ತು.

"ಹೊಳಿಯೋದು ಇವತ್ತಿನ ಮುರುಕು, ಕರ್ರಗಿರೋದು ಹಳೇ ಬಿರುಕು" ಎಂದು ಹೊರಗಿನಿಂದ ಮಾಬುಬ್ಬಿ ವಿವರಿಸಿದರು. "ದೋಣಿ ಇಳಸೂವಾಗ ಗಾಲಿ ನೀರಿಗೆ ಹೋಗ್ತಾವು. ಆಮ್ಯಾಲೆ ಯಾರೂ ತೊಳೆಯಂಗಿಲ್ಲ, ಗ್ರೀಸ್ ಹಾಕಂಗಿಲ್ಲ. ತುಕ್ಕು ತಿಂತೈತಿ. ಅಚ್ಚು ಹಿಡಿದಿರೋ ಆ ಬೋಲ್ಟು ಮುಟ್ರಿ."

ಮುಟ್ಟಿದೆ. ಬೆರಳಿಗೇ ತಿರುಗಿತು. ಆಟೋದ ಹೆಂಗಸರ ಕಾಲುಗಳು ನೆನಪಾದವು. ನಾಲ್ಕು ಜನ, ಎಂಟು ಕಾಲು.

"ಹೋದ ವರ್ಷನ ಬಿರುಕು ಬಿಟ್ಟೈತಿ ಅಂತ ಹೇಳಿದ್ದೆನಲ್ರೀ ಸರ" ಎಂದ ಹೊನ್ನೂರಪ್ಪ. "ನೀವು ಬರೆದು ಕೊಡು ಅಂದ್ರಿ. ಬರೆದೂ ಕೊಟ್ಟೆ."

ಕೊಟ್ಟಿದ್ದ. ನಾನು ಅದಕ್ಕೆ ತೂತು ಹಾಕಿ, ಪುಟಸಂಖ್ಯೆ ಕೊಟ್ಟು, ಫೈಲಿನಲ್ಲಿ ಸೇರಿಸಿದ್ದೆ. ಒಂದು ಕಾಗದಕ್ಕೆ ಅದಕ್ಕಿಂತ ಹೆಚ್ಚಿನದೇನನ್ನಾದರೂ ಮಾಡಬಹುದು ಎಂಬುದು ನನಗೆ ಹೊಳೆದಿರಲಿಲ್ಲ. ಟ್ರೇಲರಿನ ಅಡಿಯಲ್ಲಿ ಮಲಗಿದವನಿಗೆ ಅಧಿಕಾರದ ದನಿ ಬರುವುದಿಲ್ಲ. "ತಪ್ಪಾತಪ್ಪ" ಎಂದೆ.

ಬೆಸುಗೆ ಹಾಕಿ ಬೇಗ ಕಳಿಸಿಬಿಡಿ ಎಂದು ಕೇಳಿದೆ. ಮಾಬುಬ್ಬಿ ಒಪ್ಪಲಿಲ್ಲ. "ಬೆಸುಗಿ ಹಾಕಿದ ಕಮಾನು ಬಾಗಂಗಿಲ್ಲ, ಮತ್ತ ಮುರೀತೈತಿ. ಹೊಸಾದ ಹಾಕಬೇಕು, ಎರಡೂ ಕಡಿ. ಒಂದು ಕಡಿ ಅಷ್ಟೇ ಹಾಕಿದ್ರ ಗಾಡಿ ಕುಂಟ್ತೈತಿ." ಆಮೇಲೆ ದೋಣಿಯೊಳಗೆ ಇಣುಕಿ ಜಾಕೆಟ್ಟು ಸರಿಸಿದರು. "ಈ ಅಕ್ಕಿಗೆ ಈಜು ಬರಂಗಿಲ್ಲೇನ್ರಿ?"

ಅಕ್ಕಿ ಜೀಪಿಗೆ ಹೋಯಿತು. ಕೆಲಸ ಮುಗಿದಾಗ ಮಧ್ಯಾಹ್ನವಾಗಿತ್ತು. ಐವತ್ತು ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು, ಹೊಸ ಪಟ್ಟಿ ಕೂತುಕೊಂಡಾಗ ಅವು ಸಡಿಲಾಗುತ್ತವೆ ಎಂದು ಮಾಬುಬ್ಬಿ ಎರಡು ಸಲ ಹೇಳಿದರು. ಎರಡನೆಯ ಸಲ ಹೊನ್ನೂರಪ್ಪನಿಗೆ ಹೇಳಿದರು. ನಾನು ತೊಡೆಯ ಮೇಲೊಂದು, ಬೆನ್ನಿಗೊಂದು ಅಕ್ಕಿ ಚೀಲ ಇಟ್ಟುಕೊಂಡು ಬಳ್ಳಾರಿ ಮುಟ್ಟಿದೆ.

ಅಲ್ಲಿ ಅಣಕು ಪ್ರವಾಹ ನಮಗಾಗಿ ಕಾಯದೆ ಇಳಿದುಹೋಗಿತ್ತು. ತಡವೇಕೆ ಎಂದು ಸಾಹೇಬರು ಕೇಳಿದರು. ಹೇಳಿದೆ. ಅವರು ನನ್ನ ಅಂಗಿಯ ಮೇಲಿನ ಗ್ರೀಸು ನೋಡಿ ಏನು ತಿಳಿದರೋ, ಎಲ್ಲ ತಾಲ್ಲೂಕಿನವರನ್ನೂ ಕರೆದು, "ಇವರು ಖುದ್ದಾಗಿ ಗಾಡಿಯ ಕೆಳಗೆ ಇಳಿದು ಕೆಲಸ ಮಾಡಿದ್ದಾರೆ. ಟ್ರೇಲರ್ ನಿರ್ವಹಣೆ ಬಗ್ಗೆ ಎರಡು ಮಾತು ಹೇಳುತ್ತಾರೆ" ಎಂದರು. ನಾನು ಹಳೇ ಬಿರುಕು, ಹೊಸ ಮುರುಕು, ಬೆಸುಗೆಯ ಅಪಾಯ, ತುಕ್ಕು, ಗ್ರೀಸು ಎಂದು ಕಾಲು ಗಂಟೆ ಹೇಳಿದೆ. ಚಪ್ಪಾಳೆ ಬಿತ್ತು. ಇದನ್ನು ಎಲ್ಲಿ ಕಲಿತಿರಿ ಎಂದು ಒಬ್ಬರು ಕೇಳಿದರು. ಕುರುಗೋಡಿನಲ್ಲಿ ಎಂದೆ. ಯಾವಾಗ ಎಂದು ಅವರು ಕೇಳಲಿಲ್ಲ.

ಆ ಮಳೆಗಾಲದಲ್ಲಿ ಹೊಳೆ ಬಂತು. ದೋಣಿ ಮೂರು ಸಲ ದಂಡೆಗೆ ಹೋಗಿ ಜನರನ್ನು ಕರೆತಂದಿತು. ಟ್ರೇಲರಿನ ಬಗ್ಗೆ ಹೇಳುವಂಥದ್ದೇನೂ ನಡೆಯಲಿಲ್ಲ. ಟ್ರೇಲರಿನ ಮಟ್ಟಿಗೆ ಅದಕ್ಕಿಂತ ದೊಡ್ಡ ಸುದ್ದಿ ಇಲ್ಲ.

ಮೊನ್ನೆ ತಪಾಸಣೆಗೆಂದು ಮತ್ತೆ ಮಾಬುಬ್ಬಿಯವರ ಅಂಗಡಿಗೆ ಹೋಗಿದ್ದೆವು. ಈ ಸಲ ಯಾರೂ ಹೇಳುವ ಮೊದಲೇ ಗೋಣಿಚೀಲ ಹಾಸಿಕೊಂಡು ಅಡಿಗೆ ಸರಿದೆ. ಪಟ್ಟಿಗಳನ್ನು ಒರೆಸಿ ನೋಡಿದೆ, ಗ್ರೀಸು ತುಂಬಿದೆ, ಎಂಟು ನಟ್ಟುಗಳನ್ನೂ ಮೈಯೆಲ್ಲ ಬೆವರುವಷ್ಟು ಬಿಗಿದೆ. ಹೊರಗೆ ಬಂದು, "ಎಲ್ಲಾ ಸರಿ ಐತ್ರಿ" ಎಂದೆ. ಮಾಬುಬ್ಬಿ ಒಳ್ಳೆಯದಾಯಿತು ಎಂದು ಹೊನ್ನೂರಪ್ಪನಿಗೂ ನನಗೂ ಚಹಾ ತರಿಸಿದರು. ನಾನು ಕುಡಿಯುತ್ತಿರುವಾಗ ಅವರು ಸ್ಪ್ಯಾನರ್ ತೆಗೆದುಕೊಂಡು ಅಡಿಗೆ ಹೋದರು. ಎಂಟೂ ನಟ್ಟುಗಳು ಒಂದೊಂದಾಗಿ, ಇನ್ನೂ ಅರ್ಧರ್ಧ ಸುತ್ತು ತಿರುಗಿದ ಸದ್ದು ಕೇಳಿತು. ಹೊನ್ನೂರಪ್ಪ ರಸ್ತೆಯ ಕಡೆ ನೋಡುತ್ತಿದ್ದ. ಚಹಾಕ್ಕೆ ಸಕ್ಕರೆ ಸ್ವಲ್ಪ ಹೆಚ್ಚಾಗಿದೆ ಎಂದು ನಾನು ಅವನಿಗೆ ಹೇಳಿದೆ.