ಆಳದ ಪ್ಯಾನ್, ಅಳತೆಯ ಆಯಿಲ್

ನನ್ನ ಪಿಕಪ್‌ನ ಹೊಟ್ಟೆಗೆ ಇನ್ನು ಮುಂದೆ ಭಾವನ ಕೈ ತಗಲಕೂಡದು ಎಂದು ನಾನು ಮನೆಯಲ್ಲಿ ಘೋಷಿಸಿಬಿಟ್ಟೆ! ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಗೇರ್‌ಬಾಕ್ಸ್ ರಿಪೇರಿಯಲ್ಲಿ ಹೆಸರುವಾಸಿ. ಊರವರ ಜೊತೆಗೆಲ್ಲ ನಗುತ್ತಲೇ ಮಾತಾಡುವ ಮನುಷ್ಯ, ನನ್ನ ಗಾಡಿಯ ಬಾನೆಟ್ ಎತ್ತಿದರೆ ಮಾತ್ರ, "ಇದನ್ನ ಮುಟ್ಟಿದ್ದು ಯಾರು?" ಎಂದು ಗದರುತ್ತಾರೆ.

ಹೆಂಡತಿ ಜೇನು ಸಾಕುತ್ತಾಳೆ. ಸೇಬಿನ ತೋಟ ಹೂಬಿಟ್ಟಾಗ ಇಪ್ಪತ್ತು ಪೆಟ್ಟಿಗೆಗಳನ್ನು ಗುಡ್ಡದ ಮೇಲಕ್ಕೆ ಸಾಗಿಸುವುದು ನನ್ನ ಪಾಲಿನ ಕೆಲಸ. ನನ್ನದು ಆಟೋಮ್ಯಾಟಿಕ್ ಗೇರಿನ ಗಾಡಿ. ಭಾರ ಹೊತ್ತು ಏರು ಹತ್ತುವಾಗ ಗೇರ್‌ಬಾಕ್ಸ್ ಕಾಯುತ್ತದೆ, ಅದರ ತಳಕ್ಕೆ ಆಳವಾದ ಆಯಿಲ್ ಪ್ಯಾನ್ ಹಾಕಿದರೆ ತಣ್ಣಗಿರುತ್ತದೆ ಎಂದು ಎಲ್ಲೋ ನೋಡಿದೆ. ಮೂರು ಲೀಟರ್ ಹೆಚ್ಚು ಹಿಡಿಯುವ ಪ್ಯಾನ್ ತರಿಸಿಯೇ ಬಿಟ್ಟೆ.

"ರೀ, ಜೊತೆಗೆ ಬಂದಿರೋ ಕಾಗದ ಓದಿದ್ರಾ?"

"ಎಂಟು ವಿಡಿಯೋ ನೋಡಿದ್ದೀನಿ ಕಣೇ! ಕಾಗದ ಓದ್ಕೊಂಡು ಕೂತ್ರೆ ಗಾಡಿ ಓಡತ್ತಾ?"

ಮೂರು ಗಂಟೆ ಗಾಡಿಯಡಿ ಮಲಗಿದೆ. ಕೆಂಪು ಆಯಿಲ್ ಮುಖದ ಮೇಲೆ ಸುರಿದಾಗ ಹೆಂಡತಿ ರಕ್ತವೆಂದು ಕಿರುಚಿದಳು. ನಾನು ಜಗ್ಗಲಿಲ್ಲ. ಹಳೆಯ ಪ್ಯಾನಿನಿಂದ ಎಷ್ಟು ಇಳಿಯಿತೋ ಅಷ್ಟನ್ನೇ, ಹನಿ ಹೆಚ್ಚಿಲ್ಲ ಕಡಿಮೆಯಿಲ್ಲ, ಅಳೆದು ತುಂಬಿದೆ. ಎಂಜಿನ್ ಆರಿಸಿ, ಆಯಿಲ್ ಮಟ್ಟ ತೋರಿಸುವ ಕಡ್ಡಿ ಅದ್ದಿ ನೋಡಿದೆ. ಭರ್ತಿ!

ಮರುದಿನ ಬೆಳಿಗ್ಗೆ ಪೆಟ್ಟಿಗೆಗಳ ಬಾಯಿಗೆ ಜಾಲರಿ ಬಿಗಿದು ಹೊರಟೆವು.

"ಬಿಸಿಲೇರೋಕೆ ಮುಂಚೆ ಬಾಗಿಲು ತೆಗೀಬೇಕು. ಇಲ್ದಿದ್ರೆ ಪಾಪ, ಒಳಗೇ ಬೆಂದುಹೋಗ್ತಾವೆ," ಎಂದಳು.

"ಈ ಪ್ಯಾನ್ ಇರೋವಾಗ? ಹೂವಿನಂಗೆ ಹತ್ತತ್ತೆ ನೋಡ್ತಿರು!"

ಮೂರನೆಯ ತಿರುವಿನವರೆಗೆ ಹತ್ತಿತು. ಅಲ್ಲಿ ಎಂಜಿನ್ ಒಮ್ಮೆ ಅರಚಿತು. ನಾನು ಆಕ್ಸಿಲರೇಟರ್ ತುಳಿದೆ. ಅರಚಾಟ ಜಾಸ್ತಿಯಾಯಿತು, ಗಾಡಿ ನಿಂತಿತು. ಆಮೇಲೆ ಮೆಲ್ಲಗೆ, ತುಂಬ ಮೆಲ್ಲಗೆ, ಹಿಂದಕ್ಕೆ ಹೊರಟಿತು. ಹಿಂದೆ ತಿರುವು, ತಿರುವಿನಾಚೆ ಪ್ರಪಾತ!

ಬ್ರೇಕ್ ಮೇಲೆ ಎದ್ದು ನಿಂತೆ. ಹ್ಯಾಂಡ್‌ಬ್ರೇಕ್ ಕಿತ್ತು ಬರುವಂತೆ ಎಳೆದೆ. ಹೆಂಡತಿ ಆಗಲೇ ಕೆಳಗೆ ಹಾರಿ, ರಸ್ತೆ ಬದಿಯ ದೊಡ್ಡ ಕಲ್ಲೊಂದನ್ನು ಹಿಂದಿನ ಚಕ್ರಕ್ಕೆ ಒತ್ತಿ ಇಟ್ಟಿದ್ದಳು. ಗಾಡಿ ಕಲ್ಲಿಗೆ ಒರಗಿ ನಿಂತಿತು. ಪ್ರಪಾತಕ್ಕೂ ನಮಗೂ ಹತ್ತು ಅಡಿ.

ಹಿಂದಿನ ಪೆಟ್ಟಿಗೆಗಳಲ್ಲಿ ಗುಂಯ್‌ಗುಟ್ಟುವ ಸದ್ದು ಏರುತ್ತಿತ್ತು. ಬಿಸಿಲೂ ಏರುತ್ತಿತ್ತು. ಹೆಂಡತಿ ಟಾರ್ಪಾಲು ಎತ್ತಿ ನೆರಳು ಮಾಡಿದಳು, ಕುಡಿಯುವ ನೀರನ್ನೆಲ್ಲ ಜಾಲರಿಗಳ ಮೇಲೆ ಚಿಮುಕಿಸಿದಳು. ಕಣ್ಣಲ್ಲಿ ನೀರಿತ್ತು.

"ಅಣ್ಣಂಗೆ ಫೋನ್ ಮಾಡಿ."

"ಐದೇ ನಿಮಿಷ ತಡಿ, ಸ್ವಲ್ಪ ಆರಿದ್ರೆ..."

"ಫೋನ್ ಮಾಡ್ತೀರೋ, ಒಂದು ಪೆಟ್ಟಿಗೆ ಬಾಗಿಲು ತೆಗೀಲೋ?"

ಜನ್ಮದಲ್ಲಿ ಅಷ್ಟು ಬೇಗ ಯಾರಿಗೂ ಫೋನ್ ಮಾಡಿದವನಲ್ಲ!

"ಎಂಜಿನ್ ಓಡ್ತಿರೋವಾಗ ಕಡ್ಡಿ ಅದ್ದಿ ನೋಡು," ಎಂದರು ಭಾವ. ನೋಡಿದೆ. ಕಡ್ಡಿ ಒಣಗಿತ್ತು.

"ಎಷ್ಟು ಹಾಕಿದ್ದೆ?"

"ಹಳೇದ್ರಲ್ಲಿ ಇಳಿದಷ್ಟೇ, ಭಾವ."

"ಪ್ಯಾನ್ ಆಳ ಮಾಡ್ದೆ, ಆಯಿಲ್ ಮಾತ್ರ ಅಷ್ಟೇ ಹಾಕ್ದೆ. ಎಂಜಿನ್ ಆರಿಸಿ ನೋಡಿದ್ರೆ ಆಯಿಲ್ಲೆಲ್ಲ ಕೆಳಗಿಳಿದು ಭರ್ತಿ ಕಾಣತ್ತೆ ಅಷ್ಟೇ. ಏರಲ್ಲಿ ಅದೆಲ್ಲ ಹಿಂದಕ್ಕೆ ಹೋಗಿ ಗೇರ್‌ಬಾಕ್ಸು ಬರೀ ಗಾಳಿ ಕುಡೀತಿದೆ. ಎಂಜಿನ್ ಆರಿಸು. ಏನೂ ಮುಟ್ಟಬೇಡ!"

ಮುಕ್ಕಾಲು ಗಂಟೆಯ ನಂತರ ಭಾವ ಯಾರದೋ ಲಾರಿಯಿಂದ ಆಯಿಲ್ ಡಬ್ಬಗಳೊಂದಿಗೆ ಇಳಿದರು. ಆ ಮುಕ್ಕಾಲು ಗಂಟೆ ನಾನೂ ಹೆಂಡತಿಯೂ ಟಾರ್ಪಾಲಿನ ಒಂದೊಂದು ತುದಿ ಹಿಡಿದು ನಿಂತಿದ್ದೆವು. ಪೆಟ್ಟಿಗೆಯ ಸದ್ದು ತಗ್ಗಿದರೂ ಭಯ, ಏರಿದರೂ ಭಯ.

ಭಾವ ಆಯಿಲ್ ಹೊಯ್ದರು, ಎಂಜಿನ್ ಹಚ್ಚಿ ನೋಡಿದರು, ಮತ್ತೆ ಹೊಯ್ದರು. ಗೇರ್ ಹಿಡಿಯಿತು!

"ಹಾಗಾದ್ರೆ ಈ ಪ್ಯಾನು ದಂಡಾನಾ, ಭಾವ?" ಎಂದು ಮೆಲ್ಲಗೆ ಕೇಳಿದೆ.

"ಭಾರ ಎಳೆಯೋ ಗಾಡಿಗೆ ಒಳ್ಳೇದೇ ಕಣಪ್ಪಾ. ಆಯಿಲ್ ಜಾಸ್ತಿ ಇದ್ರೆ ನಿಧಾನಕ್ಕೆ ಕಾಯತ್ತೆ. ಆದ್ರೆ ತಂಪು ಮಾಡೋದು ಆಯಿಲ್ಲು, ಖಾಲಿ ಜಾಗ ಅಲ್ಲ."

ನಾನು ತಲೆ ತಗ್ಗಿಸಿ ಸ್ಟಿಯರಿಂಗ್ ಕಡೆ ನಡೆದೆ. ಅಲ್ಲಿ ಹೆಂಡತಿ ಕೂತಾಗಿತ್ತು. ಪಕ್ಕದ ಸೀಟಿನಲ್ಲಿ, ಗೇರಿನ ಸದ್ದು ಆಲಿಸಲು ಭಾವ. ಕ್ಯಾಬಿನ್‌ನಲ್ಲಿ ಮೂರನೆಯವರಿಗೆ ಜಾಗವಿಲ್ಲ.

"ಮತ್ತೆ ನಾನು?"

ಹೆಂಡತಿ ಹಿಂದಿನ ಇಪ್ಪತ್ತು ಪೆಟ್ಟಿಗೆಗಳ ಕಡೆ ಬೆರಳು ತೋರಿಸಿದಳು.

"ಅವು ಸಿಟ್ಟಲ್ಲಿದಾವೆ ಕಣೇ! ಒಂದು ಜಾಲರಿ ಸಡಿಲ ಆದ್ರೂ..."

"ಹೆದರ್ಬೇಡಿ ರೀ. ಕೆಲಸ ಗೊತ್ತಿರೋರನ್ನ ಅವು ಕಚ್ಚಲ್ಲ."

ನನಗೆ ಸ್ವಲ್ಪ ಧೈರ್ಯ ಬಂತು. ಹಿಂದೆ ಹತ್ತಲು ಕಾಲೆತ್ತಿದೆ. ಅಷ್ಟರಲ್ಲಿ ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಸೀಟಿನ ಕೆಳಗಿಂದ ಪರದೆಯ ಟೋಪಿ, ದಪ್ಪ ಅಂಗಿ, ಮೊಣಕೈವರೆಗಿನ ಗ್ಲೌಸುಗಳನ್ನು ಒಂದೊಂದಾಗಿ ತೆಗೆದು ಕಿಟಕಿಯಿಂದ ಚಾಚಿದಳು.

"ನೀವು ಎಲ್ಲಾ ಹಾಕ್ಕೊಂಬಿಡಿ."